ಒಂದೇ ಡಯಾಟಮ್‌ಗೆ ಮೂರು ಹೆಸರು: ಯಾವುದನ್ನು ನಂಬಬೇಕು?

ಪ್ರಶ್ನೆ: ಹೊಳೆಯ ಕಲ್ಲುಗಳ ಮೇಲಿನ ಕಂದು ಲೋಳೆಯನ್ನು ಕೆರೆದು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಸೂಜಿಯಂತೆ ಉದ್ದವಾದ ಒಂದು ಡಯಾಟಮ್ (ಸಿಲಿಕಾ ಕವಚದ ಏಕಕೋಶ ಪಾಚಿ) ಬಹಳ ಸಂಖ್ಯೆಯಲ್ಲಿತ್ತು. ಒಂದು ಹಳೆಯ ಪುಸ್ತಕದ ಪ್ರಕಾರ ಅದು ಸಿನೆಡ್ರಾ ಉಲ್ನಾ. ಇನ್ನೊಂದರ ಪ್ರಕಾರ ಫ್ರಾಜಿಲೇರಿಯಾ ಉಲ್ನಾ. ಫೋಟೊ ಹಾಕಿದರೆ ಮೊಬೈಲ್ ಆ್ಯಪ್ ನಿಟ್ಶಿಯಾ ಎನ್ನುತ್ತದೆ. ವಿಜ್ಞಾನಿಗಳು ಡಯಾಟಮ್‌ಗಳನ್ನು ಗುರುತಿಸುವುದು, ವರ್ಗೀಕರಿಸುವುದು ಹೇಗೆ? ನಮ್ಮಲ್ಲಿ 40ರ ಲೆನ್ಸೂ 100ರ ಎಣ್ಣೆ ಲೆನ್ಸೂ ಇವೆ. ಅಷ್ಟರಲ್ಲಿ ಎಲ್ಲಿಯವರೆಗೆ ಹೋಗಬಹುದು?

ಉತ್ತರ: ನಿಮಗೆ ಸಿಕ್ಕ ಮೂರು ಹೆಸರುಗಳಲ್ಲಿ ಎರಡು ಒಂದೇ ಜೀವಿಯವು. ನಿಟ್ಶ್ 1817ರಲ್ಲಿ ಇದನ್ನು ಬ್ಯಾಸಿಲೇರಿಯಾ ಉಲ್ನಾ ಎಂದು ವಿವರಿಸಿದರು. 1832ರಲ್ಲಿ ಎರೆನ್‌ಬರ್ಗ್ ಸಿನೆಡ್ರಾ ಕುಲಕ್ಕೆ ಸೇರಿಸಿದರು. 1980ರಲ್ಲಿ ಲಾಂಗೆ-ಬೆರ್ಟಲೊ ಫ್ರಾಜಿಲೇರಿಯಾಕ್ಕೆ ತಂದರು. 2001ರಲ್ಲಿ ಕಾಂಪೇರ್ ಇದನ್ನೂ ಇದರ ಬಂಧುಗಳನ್ನೂ ಉಲ್ನೇರಿಯಾ ಎಂಬ ಪ್ರತ್ಯೇಕ ಕುಲವಾಗಿ ಎಣಿಸಿದರು. ಇಂದಿನ ಕೃತಿಗಳಲ್ಲಿ ನೀವು ಹುಡುಕಬೇಕಾದ ಹೆಸರು ಉಲ್ನೇರಿಯಾ ಉಲ್ನಾ. ಇಷ್ಟೂ ಸಲ ಬದಲಾದದ್ದು ಜೀವಿಯಲ್ಲ, ಅದರ ಹತ್ತಿರದ ಬಂಧುಗಳು ಯಾರು ಎಂಬ ತೀರ್ಮಾನ. ಹಾಗಾಗಿ ಆ ಎರಡು ಪುಸ್ತಕಗಳ ನಡುವೆ ಜಗಳವೇ ಇಲ್ಲ.

ಮೂರನೆಯ ಹೆಸರಿನ ಮಾತು ಬೇರೆ. ನಿಟ್ಶಿಯಾ ಎಂದರೆ ಕವಚದಲ್ಲಿ ರಾಫೆ ಎಂಬ ಉದ್ದನೆಯ ಸೀಳು ಇದೆ, ಅದೂ ಒಂದು ಅಂಚಿನಲ್ಲಿದೆ, ಆ ಜೀವಿ ತಾನಾಗಿ ಜಾರಿಕೊಂಡು ಚಲಿಸಬಲ್ಲದು ಎಂದೆಲ್ಲ ಹೇಳಿದಂತೆ. ಉಲ್ನೇರಿಯಾದಲ್ಲಿ ಇವು ಯಾವುವೂ ಇಲ್ಲ. ಎರಡರಲ್ಲಿ ಒಂದು ಹೆಸರು ಖಂಡಿತ ತಪ್ಪು, ಯಾವುದೆಂದು ನಿಮ್ಮ ಲ್ಯಾಬಿನಲ್ಲೇ ಪತ್ತೆಯಾಗುತ್ತದೆ. ಆದರೆ ಈಗ ಇರುವ ಫೋಟೊದಿಂದ ಆಗುವುದಿಲ್ಲ. ಆ್ಯಪ್ ನೋಡಿದ್ದು ಹೊರರೇಖೆಯನ್ನು. ಡಯಾಟಮ್‌ಗಳಲ್ಲಿ ಅತ್ಯಂತ ಕಡಿಮೆ ನಂಬಬೇಕಾದ ಲಕ್ಷಣ ಅದೇ. ಸೂಜಿ, ದೋಣಿ, ಬಾಳೆಹಣ್ಣು ಇಂಥ ಆಕಾರಗಳು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕುಲಗಳಲ್ಲಿ ಮತ್ತೆ ಮತ್ತೆ ಬಂದಿವೆ.

ಡಯಾಟಮ್‌ನ ಕವಚ ನೀರಿನಂಶವುಳ್ಳ ಗಾಜಿನಂಥ ಸಿಲಿಕಾದಿಂದ ಆದದ್ದು. ಡಬ್ಬಿ ಮತ್ತು ಮುಚ್ಚಳದಂತೆ ಅದರಲ್ಲಿ ಎರಡು ಭಾಗಗಳು, ಒಂದು ತುಸು ದೊಡ್ಡದು, ಇನ್ನೊಂದು ಅದರೊಳಗೆ ಕೂರುವಂಥದ್ದು. ಮೇಲಿನ ಮತ್ತು ತಳದ ಹಲಗೆಗಳಿಗೆ ಕವಾಟ ಎನ್ನುತ್ತಾರೆ. ಅವೆರಡರ ನಡುವೆ ಸುತ್ತಲೂ ತೆಳುವಾದ ನಡುಪಟ್ಟಿಗಳಿರುತ್ತವೆ. ಗುರುತಿಸಲು ಬೇಕಾದ ರಂಧ್ರಗಳು, ಗೆರೆಗಳು, ಸೀಳು ಎಲ್ಲವೂ ಹೆಚ್ಚಾಗಿ ಕವಾಟದ ಮೇಲಿವೆ. ಜೀವಿ ಮಗ್ಗುಲಾಗಿ ಮಲಗಿದರೆ ಕವಾಟ ಮರೆಯಾಗಿ ನಡುಪಟ್ಟಿಯ ನೋಟ ಮಾತ್ರ ಕಾಣುತ್ತದೆ, ಆಗ ಬಹುಪಾಲು ಡಯಾಟಮ್‌ಗಳು ಬರೀ ಆಯತಗಳು. ಒಂದೇ ಪ್ರಭೇದದ ಮಲಗಿದ ರೂಪ ಮತ್ತು ನಿಂತ ರೂಪವನ್ನು ಎರಡು ಬೇರೆ ಜೀವಿಗಳೆಂದು ಬರೆದುಕೊಳ್ಳುವುದು ಕಲಿಯುವವರಲ್ಲಿ ಕಾಣುವ ಮೊದಲ ತಪ್ಪು. ಕವರ್‌ಸ್ಲಿಪ್ಪನ್ನು ಸೂಜಿಯ ತುದಿಯಿಂದ ಮೆಲ್ಲಗೆ ತಟ್ಟಿದರೆ ಹಸಿ ಸ್ಲೈಡಿನಲ್ಲಿ ಜೀವಕೋಶ ಉರುಳುತ್ತದೆ. ಎರಡೂ ನೋಟಗಳನ್ನು ಒಂದೇ ಕೋಶದಲ್ಲಿ ನೋಡಿಕೊಳ್ಳಿ.

ಹಸಿಯಾಗಿದ್ದಾಗಲೇ ನೋಡಬೇಕಾದದ್ದು

ಶುಚಿ ಮಾಡುವ ಆತುರದಲ್ಲಿ ಹಲವರು ಈ ಹಂತವನ್ನು ಬಿಟ್ಟುಬಿಡುತ್ತಾರೆ. ಆಮ್ಲಕ್ಕೆ ಹಾಕಿದ ಮೇಲೆ ಕ್ಲೋರೋಪ್ಲಾಸ್ಟ್, ಚಲನೆ, ಸಮೂಹ ಯಾವುದೂ ಉಳಿಯುವುದಿಲ್ಲ. ತಂದ ದಿನವೇ, ಅಥವಾ ತಂಪಾಗಿ ಮಬ್ಬು ಬೆಳಕಿನಲ್ಲಿಟ್ಟು ಮರುದಿನ, ಒಂದು ಹನಿ ನೋಡಿ.

ಕ್ಲೋರೋಪ್ಲಾಸ್ಟ್‌ಗಳು ಎಷ್ಟು, ಎಲ್ಲಿವೆ ಎಂಬುದು ಕುಲದ ಮಟ್ಟದಲ್ಲಿ ಬಹಳ ಗಟ್ಟಿಯಾದ ಲಕ್ಷಣ. ನ್ಯಾವಿಕ್ಯುಲಾದಲ್ಲಿ ಎರಡು, ಉದ್ದಕ್ಕೆ ಅಕ್ಕಪಕ್ಕ ನಡುಪಟ್ಟಿಗೆ ಅಂಟಿಕೊಂಡಿರುತ್ತವೆ. ಸೆಲ್ಲಾಫೋರಾದಲ್ಲಿ ಒಂದೇ, ಎರಡು ಹಲಗೆಗಳನ್ನು ನಡುವೆ ಒಂದು ಕಿರಿದಾದ ಅಡ್ಡಪಟ್ಟಿ ಜೋಡಿಸಿದಂಥ ಆಕಾರ. ನಿಟ್ಶಿಯಾದಲ್ಲಿ ಸಾಮಾನ್ಯವಾಗಿ ಎರಡು, ಒಂದೊಂದು ತುದಿಗೆ ಒಂದೊಂದು, ಮಧ್ಯದಲ್ಲಿ ಬಣ್ಣವಿಲ್ಲದ ಜಾಗ. ಉಲ್ನೇರಿಯಾದಲ್ಲಿ ಎರಡು ಉದ್ದ ಹಲಗೆಗಳು ಕೋಶದ ಉದ್ದಕ್ಕೂ ಹಬ್ಬಿರುತ್ತವೆ. ನಿಮ್ಮ ಸೂಜಿಯ ಗುಟ್ಟು ಅರ್ಧ ಇಲ್ಲೇ ಬಿಡುತ್ತದೆ. ಅದು ಹಿಂದೆ ಮುಂದೆ ಜಾರುತ್ತಿದ್ದರೆ ರಾಫೆ ಇದೆ ಎಂದೇ ಅರ್ಥ. ಜಾರದಿದ್ದರೆ ಮಾತ್ರ ಇಲ್ಲ ಎನ್ನುವಂತಿಲ್ಲ, ಸುಸ್ತಾದ ಅಥವಾ ಬಿಸಿಯಾದ ಮಾದರಿಯಲ್ಲಿ ರಾಫೆಯಿರುವವೂ ಸುಮ್ಮನಾಗುತ್ತವೆ.

ಜೊತೆಗೆ ಕೋಶದೊಳಗೆ ಜೀವದ್ರವ್ಯ ಇರುವ ಮತ್ತು ಖಾಲಿ ಕವಚಗಳ ಅಂದಾಜು ಪ್ರಮಾಣವನ್ನು ಬರೆದಿಡಿ. ಮೇಲಿನಿಂದ ಕೊಚ್ಚಿ ಬಂದ ಸತ್ತ ಕವಚಗಳು ಶುಚಿ ಮಾಡಿದ ಸ್ಲೈಡಿನಲ್ಲಿ ಅಲ್ಲಿಯೇ ಬದುಕಿದ್ದವುಗಳ ಜೊತೆ ಬೆರೆತುಹೋಗುತ್ತವೆ. ಮತ್ತೆ ಬೇರ್ಪಡಿಸಲು ದಾರಿಯಿಲ್ಲ.

ಮಾದರಿ ತೆಗೆಯುವ ವಿಧಾನದ ಬಗ್ಗೆ ಎರಡೇ ಮಾತು. ಕನಿಷ್ಠ ನಾಲ್ಕು ವಾರ ನೀರಿನಲ್ಲೇ ಮುಳುಗಿದ್ದ, ಹರಿವು ಮತ್ತು ಬೆಳಕು ಎರಡೂ ಇರುವ ಕಡೆಯ, ಐದಾರು ಕಲ್ಲುಗಳನ್ನು ಆರಿಸಿ. ಮೇಲ್ಮೈಯನ್ನು ಹೊಳೆಯ ನೀರಿನಲ್ಲೇ ಸ್ವಲ್ಪ ಅಲುಬಿ ಸಡಿಲ ಕೆಸರು ಹೋಗಲಿ, ಆಮೇಲೆ ಹೊಸ ಹಲ್ಲುಜ್ಜುವ ಬ್ರಷ್‌ನಿಂದ ತಟ್ಟೆಗೆ ಉಜ್ಜಿ. ಒಂದು ಜಾಗದ ಬ್ರಷ್ ಮತ್ತೊಂದು ಜಾಗಕ್ಕೆ ಬೇಡ. ಕೂದಲುಗಳ ಸಂದಿನಲ್ಲಿ ಉಳಿದ ಕವಚಗಳು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೆಚ್ಚು ದಿನ ಇಡಬೇಕಾದರೆ ಲ್ಯೂಗಾಲ್ ಅಯೋಡಿನ್ ಅಥವಾ ಎಥನಾಲ್ ಸಾಕು.

ಕವಚವನ್ನು ಶುಚಿ ಮಾಡುವುದು

ಜೀವದ್ರವ್ಯ ತುಂಬಿರುವಾಗ 100ರ ಲೆನ್ಸಿನಲ್ಲೂ ಕವಾಟದ ಗೆರೆಗಳು ಸರಿಯಾಗಿ ಕಾಣುವುದಿಲ್ಲ. ಸಾವಯವ ಅಂಶವನ್ನೆಲ್ಲ ಸುಟ್ಟು ಸಿಲಿಕಾ ಮಾತ್ರ ಉಳಿಸಬೇಕು. ಕಾಲೇಜಿನ ಲ್ಯಾಬಿಗೆ ಹೊಂದುವುದು ಬಿಸಿ ಹೈಡ್ರೋಜನ್ ಪೆರಾಕ್ಸೈಡ್ ವಿಧಾನ.

ಚೆನ್ನಾಗಿ ಕುಲುಕಿದ 5 ಮಿಲಿಲೀಟರ್ ಮಾದರಿಯನ್ನು ದೊಡ್ಡ ಬೀಕರಿಗೆ ಹಾಕಿ. 250 ಮಿಲಿಲೀಟರಿನದಾದರೆ ಒಳ್ಳೆಯದು, ಏಕೆಂದರೆ ಪಾಚಿ ಹೆಚ್ಚಿದ್ದರೆ ನೊರೆ ಉಕ್ಕಿ ಹೊರಚೆಲ್ಲುತ್ತದೆ. ಶೇಕಡಾ 30ರ ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪ ಸ್ವಲ್ಪವಾಗಿ, ಒಟ್ಟು 20 ಮಿಲಿಲೀಟರಿನಷ್ಟು ಸೇರಿಸಿ. ಮೊದಲ ಗುಳ್ಳೆಗಳ ಅಬ್ಬರ ಇಳಿದ ಮೇಲೆ ಹಾಟ್‌ಪ್ಲೇಟಿನಲ್ಲಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದರಿಂದ ಮೂರು ಗಂಟೆ ಇಡಿ. ಕಂದು ಬಣ್ಣ ಹೋಗಿ ಬೂದು ಮಿಶ್ರಿತ ಬಿಳಿ ಬಂದರೆ ಆಯಿತು. ಆರಿದ ಮೇಲೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಸುಣ್ಣದ ಅಂಶವಿದ್ದರೆ ಅದು ಬುರುಬುರು ಎಂದು ಕರಗುತ್ತದೆ. ಕೈಗವಸು, ಕನ್ನಡಕ, ಹೊಗೆ ಹೀರುವ ಕಪಾಟು ಮೂರೂ ಇಲ್ಲದೆ ಇದನ್ನು ಮಾಡಬೇಡಿ.

ಇಲ್ಲಿ ಕೆಡುವುದು ಹೆಚ್ಚಾಗಿ ಮೂರು ಕಡೆ. ಎಥನಾಲ್‌ನಲ್ಲಿಟ್ಟ ಮಾದರಿಯನ್ನು ನೇರವಾಗಿ ಗಾಢ ನೈಟ್ರಿಕ್ ಆಮ್ಲಕ್ಕೋ ಬಿಸಿ ಪೆರಾಕ್ಸೈಡಿಗೋ ಹಾಕುವುದು ಅಪಾಯ, ಸಿಡಿಯುವಷ್ಟು ಜೋರಾದ ಕ್ರಿಯೆ ನಡೆಯಬಹುದು. ಮೊದಲು ಮೂರು ಸಲ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಎಥನಾಲ್ ಪೂರ್ತಿ ತೆಗೆಯಿರಿ. ಎರಡನೆಯದು ಸುಣ್ಣವಿರುವ ಮಾದರಿಗೆ ಸಲ್ಫ್ಯೂರಿಕ್ ಆಮ್ಲ ಹಾಕುವುದು. ಕ್ಯಾಲ್ಸಿಯಮ್ ಸಲ್ಫೇಟಿನ ಸೂಜಿ ಹರಳುಗಳು ಹುಟ್ಟಿ ಸ್ಲೈಡ್ ತುಂಬಿಕೊಳ್ಳುತ್ತವೆ, ಅವು ಸುಲಭಕ್ಕೆ ಕರಗುವುದೂ ಇಲ್ಲ. ಸುಣ್ಣದ ಅನುಮಾನವಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದ ಹಂತವನ್ನೇ ಮೊದಲು ಮುಗಿಸಿ. ಮೂರನೆಯದು ತೊಳೆಯುವುದರಲ್ಲಿ ಅವಸರ. ಬೀಕರನ್ನು ಡಿಸ್ಟಿಲ್ಡ್ ನೀರಿನಿಂದ ತುಂಬಿ ರಾತ್ರಿಯಿಡೀ ಬಿಡಿ, ಮರುದಿನ ಮೇಲಿನ ನೀರನ್ನು ಕಲಕದಂತೆ ಬಸಿಯಿರಿ. ಹೀಗೆ ನಾಲ್ಕೈದು ಸಲ ಆಗಬೇಕು. ಎರಡು ಗಂಟೆಯಲ್ಲೇ ಬಸಿದರೆ 5 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ಕವಾಟಗಳು ನೀರಿನೊಂದಿಗೇ ಹೋಗಿಬಿಡುತ್ತವೆ, ನಿಮ್ಮ ಪಟ್ಟಿಯಲ್ಲಿ ದೊಡ್ಡ ಪ್ರಭೇದಗಳೇ ಉಳಿಯುತ್ತವೆ. ಆಮ್ಲ ಅಥವಾ ಲವಣ ಉಳಿದರೆ ಕವರ್‌ಸ್ಲಿಪ್ ಒಣಗಿದಾಗ ಹರಳುಗಟ್ಟುತ್ತದೆ. ನಲ್ಲಿ ನೀರಿನಲ್ಲೂ ಡಯಾಟಮ್ ಕವಚಗಳು ಇರಬಹುದಾದ್ದರಿಂದ ಅದನ್ನು ಈ ಕೆಲಸಕ್ಕೆ ಬಳಸಬೇಡಿ. ಬ್ಲೀಚ್‌ನಂಥ ಕ್ಷಾರೀಯ ದ್ರಾವಣಗಳಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸಿಲಿಕಾವೇ ಕರಗತೊಡಗುತ್ತದೆ, ತೆಳು ಕವಚಗಳು ಮೊದಲು ಮಾಯವಾಗುತ್ತವೆ.

ಸ್ಲೈಡಿಗೆ ಬಂದಾಗ, ಶುಚಿಯಾದ ದ್ರಾವಣವನ್ನು ಬೆಳಕಿಗೆ ಹಿಡಿದರೆ ತುಸುವೇ ಮಬ್ಬಾಗಿ ಕಾಣುವಷ್ಟು ತೆಳು ಮಾಡಿ. 0.17 ಮಿಲಿಮೀಟರ್ ದಪ್ಪದ ಕವರ್‌ಸ್ಲಿಪ್ಪಿನ ಮೇಲೆ ಹನಿ ಹಾಕಿ, ಅಲುಗದ ಸಮತಟ್ಟಾದ ಜಾಗದಲ್ಲಿ ತಾನಾಗಿ ಒಣಗಲು ಬಿಡಿ. ಬಿಸಿ ಮಾಡಿ ಒಣಗಿಸಿದರೆ ಹನಿಯೊಳಗೆ ಸುಳಿ ಎದ್ದು ಸಣ್ಣವು ಒಂದು ಕಡೆ, ದೊಡ್ಡವು ಒಂದು ಕಡೆ ಸೇರುತ್ತವೆ. ಆಮೇಲೆ ಎಣಿಕೆಗೆ ಅರ್ಥವಿರುವುದಿಲ್ಲ. 1000 ಪಟ್ಟು ಹಿಗ್ಗಿಸಿ ನೋಡಿದಾಗ ಒಂದು ನೋಟಕ್ಕೆ 10ರಿಂದ 15 ಕವಾಟ ಬರುವಷ್ಟು ಸಾಂದ್ರತೆ ಹಿತ. ಒಂದರ ಮೇಲೊಂದು ಬಿದ್ದಿದ್ದರೆ ಇನ್ನಷ್ಟು ತೆಳು ಮಾಡಿ ಹೊಸ ಕವರ್‌ಸ್ಲಿಪ್ ತಯಾರಿಸಿ.

ಕೂರಿಸುವ ಮಾಧ್ಯಮವನ್ನು, ಅಂದರೆ ಕವರ್‌ಸ್ಲಿಪ್ಪನ್ನು ಸ್ಲೈಡಿಗೆ ಅಂಟಿಸುವ ದ್ರವವನ್ನು, ಹಗುರವಾಗಿ ತೆಗೆದುಕೊಳ್ಳಬೇಡಿ. ಡಯಾಟಮ್ ಸಿಲಿಕಾದ ವಕ್ರೀಭವನ ಸೂಚ್ಯಂಕ ಸುಮಾರು 1.43ರಿಂದ 1.46. ಕೆನಡಾ ಬಾಲ್ಸಮ್‌ನದು ಸುಮಾರು 1.53. ವ್ಯತ್ಯಾಸ ಇಷ್ಟು ಕಡಿಮೆಯಿದ್ದರೆ ಕವಚ ಪಾರದರ್ಶಕವಾಗಿ ಕರಗಿಹೋದಂತೆ ಕಾಣುತ್ತದೆ. ಡಯಾಟಮ್ ಕೆಲಸಕ್ಕೆಂದೇ ಇರುವ ನ್ಯಾಫ್ರಾಕ್ಸ್, ಜ್ರಾಕ್ಸ್, ಪ್ಲೂರಾಕ್ಸ್ ಮಾಧ್ಯಮಗಳ ಸೂಚ್ಯಂಕ 1.7ರ ಆಸುಪಾಸಿನದು. ಗೆರೆಗಳು ಕಪ್ಪಾಗಿ ಎದ್ದು ಕಾಣುವುದು ಅದರಿಂದಲೇ. ನ್ಯಾಫ್ರಾಕ್ಸ್‌ನಲ್ಲಿ ಟಾಲುಯಿನ್ ಇರುತ್ತದೆ. ಸ್ಲೈಡನ್ನು ಹೊಗೆ ಕಪಾಟಿನೊಳಗೆ ಹಾಟ್‌ಪ್ಲೇಟಿನಲ್ಲಿ ಗುಳ್ಳೆಗಳು ಎದ್ದು ನಿಲ್ಲುವವರೆಗೆ ಬಿಸಿ ಮಾಡಿ, ಇಳಿಸಿ, ಕವರ್‌ಸ್ಲಿಪ್ಪನ್ನು ಸೂಜಿಯಿಂದ ಮೆಲ್ಲಗೆ ಒತ್ತಿ. ತಣಿದ ಮೇಲೆ ಉಗುರಿನಿಂದ ತಳ್ಳಿದರೂ ಅಲುಗಬಾರದು. ಅಲುಗಿದರೆ ಟಾಲುಯಿನ್ ಇನ್ನೂ ಉಳಿದಿದೆ, ಮತ್ತೆ ಬಿಸಿ ಮಾಡಿ. ಇವು ಸಿಗದಿದ್ದರೆ ಒಣಗಿದ ಕವರ್‌ಸ್ಲಿಪ್ಪನ್ನು ಕವಚಗಳು ಕೆಳಮುಖವಾಗುವಂತೆ ಮಗುಚಿ ಅಂಚುಗಳನ್ನು ನೇಲ್‌ಪಾಲಿಶ್‌ನಿಂದ ಮುಚ್ಚಿ. ಗಾಳಿಯಲ್ಲಿ ಕೂತ ಕವಚಗಳು 40ರ ಲೆನ್ಸಿನಲ್ಲಿ ಒಳ್ಳೆಯ ವ್ಯತ್ಯಾಸದೊಂದಿಗೆ ಕಾಣುತ್ತವೆ. ಕುಲದ ಮಟ್ಟಕ್ಕೆ ಇದು ಬೇಕಾದಷ್ಟಾಯಿತು.

ಯಾವ ಕ್ರಮದಲ್ಲಿ ನೋಡಬೇಕು

ಮೊದಲ ಪ್ರಶ್ನೆ ಇದು: ಗೆರೆಗಳ ವಿನ್ಯಾಸ ಒಂದು ಬಿಂದುವಿನಿಂದ ಸುತ್ತಲೂ ಹರಡಿದೆಯೇ, ಅಥವಾ ಒಂದು ಉದ್ದ ರೇಖೆಯ ಎರಡು ಬದಿಗೆ ಜೋಡಿಸಿದೆಯೇ? ಮೊದಲನೆಯವನ್ನು ಸೆಂಟ್ರಿಕ್, ಎರಡನೆಯವನ್ನು ಪೆನೇಟ್ ಎನ್ನುತ್ತಾರೆ. ಸೈಕ್ಲೋಟೆಲಾ, ಆಲಕೋಸೀರಾ, ಥಲಾಸಿಯೋಸೀರಾ ಸೆಂಟ್ರಿಕ್ ಗುಂಪಿನವು. ಇಲ್ಲಿ ನೋಡಬೇಕಾದದ್ದು ವಿನ್ಯಾಸ, ಹೊರರೇಖೆಯಲ್ಲ. ತ್ರಿಕೋನಾಕಾರದ ಸೆಂಟ್ರಿಕ್‌ಗಳೂ ಇವೆ.

ಪೆನೇಟ್ ಆದರೆ ರಾಫೆಯನ್ನು ಹುಡುಕಿ. ಫೋಕಸ್ಸನ್ನು ಕವಾಟದ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸುತ್ತ ನೋಡಬೇಕು, ಒಂದೇ ಫೋಕಸ್ಸಿನ ಫೋಟೊದಲ್ಲಿ ಅದು ತಪ್ಪಿಹೋಗುತ್ತದೆ. ರಾಫೆ ಇಲ್ಲವೇ ಇಲ್ಲವೇ? ಒಂದು ಕವಾಟದಲ್ಲಿ ಮಾತ್ರ ಇದೆಯೇ? ಎರಡರಲ್ಲೂ ಇದೆಯೇ? ಒಂದರಲ್ಲಿ ಮಾತ್ರ ಇರುವವು ಕೊಕೊನೈಸ್, ಅಕ್ನಾಂಥಿಡಿಯಮ್, ಪ್ಲಾನೊಥಿಡಿಯಮ್ ಮೊದಲಾದವು. ಶುಚಿ ಮಾಡಿದಾಗ ಕವಾಟಗಳು ಬೇರೆಯಾಗುವುದರಿಂದ ರಾಫೆಯಿರುವ ಮತ್ತು ಇಲ್ಲದ ಕವಾಟಗಳು ಎರಡು ಪ್ರಭೇದಗಳಂತೆ ಕಾಣುತ್ತವೆ. ಒಂದೇ ಅಳತೆಯ ಹೊರರೇಖೆ, ಹೆಚ್ಚುಕಡಿಮೆ ಸಮ ಸಂಖ್ಯೆ ಇದ್ದರೆ ಅವನ್ನು ಜೋಡಿಯೆಂದು ಶಂಕಿಸಿ. ಇನ್ನೂ ಬಿಡದ ಇಡೀ ಕವಚವನ್ನು ಹುಡುಕಿ ಖಚಿತಪಡಿಸಿಕೊಳ್ಳಿ.

ರಾಫೆ ಎಲ್ಲಿದೆ ಎಂಬುದು ಮುಂದಿನ ಮೆಟ್ಟಿಲು. ನಡುವೆ ಇದ್ದರೆ ನ್ಯಾವಿಕ್ಯುಲಾ, ಪಿನ್ಯುಲೇರಿಯಾ, ಗೊಂಫೊನೀಮಾ, ಸಿಂಬೆಲಾ ಕಡೆಗೆ. ತುದಿಗಳ ಬಳಿ ಮಾತ್ರ ಚಿಕ್ಕದಾಗಿದ್ದರೆ ಯೂನೋಟಿಯಾ. ಅಂಚಿಗೆ ಸರಿದು ಏಣಿನ ಮೇಲೆ ಕೂತಿದ್ದರೆ ನಿಟ್ಶಿಯಾ, ಹಾಂಟ್ಶಿಯಾ, ಸುರಿರೆಲಾ. ಈ ಕೊನೆಯವುಗಳಲ್ಲಿ ರಾಫೆಯೇ ಕಾಣದಿದ್ದರೂ ಅದಕ್ಕೆ ಒಳಗಿನಿಂದ ಆಧಾರ ಕೊಡುವ ಸಿಲಿಕಾ ತುಂಡುಗಳು ಅಂಚಿನಲ್ಲಿ ಸಾಲು ಚುಕ್ಕೆಗಳಾಗಿ ಕಾಣುತ್ತವೆ. ಅವಕ್ಕೆ ಫಿಬುಲಾ ಎಂದು ಹೆಸರು.

ನಿಮ್ಮ ಸೂಜಿಯನ್ನು ಇಲ್ಲಿಗೆ ತನ್ನಿ. ಅಂಚಿನ ಒಂದು ಬದಿಯಲ್ಲಿ ಚುಕ್ಕೆಗಳ ಸಾಲಿದ್ದು, ಅಡ್ಡಗೆರೆಗಳು ಅತಿ ನವಿರಾಗಿ 10 ಮೈಕ್ರಾನಿಗೆ 30ರ ಹತ್ತಿರ ಬಂದರೆ ಅದು ನಿಟ್ಶಿಯಾ ಲಿನಿಯೇರಿಸ್‌ನಂಥದ್ದು. ಅದರಲ್ಲಿ ನಡುವಿನ ಎರಡು ಫಿಬುಲಾಗಳ ಅಂತರ ಉಳಿದವುಗಳಿಗಿಂತ ಹೆಚ್ಚಿರುವುದನ್ನೂ ಗಮನಿಸಿ. ಬದಲಿಗೆ ನಡುವೆ ಗೆರೆಯಿಲ್ಲದ ಕಿರಿದಾದ ಪಟ್ಟಿಯಿದ್ದು, ಅದರ ಎರಡು ಬದಿಗೆ ಒರಟಾದ ಅಡ್ಡಗೆರೆಗಳು 10 ಮೈಕ್ರಾನಿಗೆ ಸುಮಾರು 8ರಿಂದ 12 ಇದ್ದರೆ ಅದು ಉಲ್ನೇರಿಯಾ. ಅಂಚಿನಲ್ಲಿ ಚುಕ್ಕೆ ಸಾಲು ಇರುವುದಿಲ್ಲ. ಹಸಿಯಾಗಿದ್ದಾಗ ಅದು ಜಾರಿರುವುದೂ ಇಲ್ಲ. ಎರಡೂ 100 ಮೈಕ್ರಾನ್ ದಾಟಬಹುದು, ಎರಡೂ 5–6 ಮೈಕ್ರಾನ್ ಅಗಲ ಇರಬಹುದು. ಆದ್ದರಿಂದ ಹೊರರೇಖೆ ನೋಡಿದ ಆ್ಯಪ್‌ಗೆ ವ್ಯತ್ಯಾಸ ಸಿಗದಿರುವುದು ಸಹಜ.

ಕುಲದೊಳಗೆ ಹೋದಂತೆ ನವಿರಾದ ಲಕ್ಷಣಗಳು ಬರುತ್ತವೆ. ಕವಾಟ ಉದ್ದದ ಅಕ್ಷಕ್ಕೆ ಅಸಮವಾಗಿ ಒಂದು ಬದಿ ಉಬ್ಬಿದ್ದರೆ ಸಿಂಬೆಲಾ, ಎನ್ಸಿಯೊನೀಮಾ ಗುಂಪು. ಇವೆರಡನ್ನು ಬೇರ್ಪಡಿಸಲು ರಾಫೆಯ ತುತ್ತತುದಿ ನೋಡಿ: ಸಿಂಬೆಲಾದಲ್ಲಿ ಅದು ಉಬ್ಬಿದ ಬದಿಗೆ, ಎನ್ಸಿಯೊನೀಮಾದಲ್ಲಿ ಚಪ್ಪಟೆ ಬದಿಗೆ ಬಾಗುತ್ತದೆ. ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಆಗಿದ್ದರೆ ಗೊಂಫೊನೀಮಾ. ಅದರಲ್ಲಿ ನಡುಭಾಗದಲ್ಲಿ ಸ್ಟಿಗ್ಮಾ ಎಂಬ ಒಂಟಿ ರಂಧ್ರ ಇದೆಯೇ, ಎಷ್ಟಿವೆ, ಯಾವ ಬದಿಗೆ ಎಂದು ಬರೆದುಕೊಳ್ಳಬೇಕು. ಅಡ್ಡಗೆರೆಗಳು ನಡುವೆ ಹೊರಮುಖವಾಗಿ ಚೆಲ್ಲಿವೆಯೇ, ತುದಿಯಲ್ಲಿ ಒಳಮುಖವಾಗುತ್ತವೆಯೇ, ನಡುವಿನ ಖಾಲಿ ಜಾಗ ದುಂಡಗೋ ಅಡ್ಡಪಟ್ಟಿಯೋ, ಗೆರೆಯೊಳಗಿನ ರಂಧ್ರಗಳು ಚುಕ್ಕೆಗಳೋ ಸಣ್ಣ ಸೀಳುಗಳೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಅಳತೆ

ಅಳತೆಯಿಲ್ಲದ ಗುರುತಿಗೆ ಬೆಲೆಯಿಲ್ಲ. ಕಣ್ಣುಗಾಜಿನ ಮೈಕ್ರೋಮೀಟರನ್ನು ಸ್ಟೇಜ್ ಮೈಕ್ರೋಮೀಟರಿನೊಂದಿಗೆ ಪ್ರತಿ ಲೆನ್ಸಿಗೂ ಬೇರೆ ಬೇರೆಯಾಗಿ ತಾಳೆ ನೋಡಿ. ಸ್ಟೇಜ್ ಮೈಕ್ರೋಮೀಟರಿನಲ್ಲಿ 1 ಮಿಲಿಮೀಟರನ್ನು 100 ಭಾಗ ಮಾಡಿರುತ್ತಾರೆ, ಒಂದೊಂದು 10 ಮೈಕ್ರಾನ್. ಉದ್ದ, ಅಗಲ, ಮತ್ತು 10 ಮೈಕ್ರಾನಿಗೆ ಎಷ್ಟು ಅಡ್ಡಗೆರೆ, ಈ ಮೂರು ಎಂದೂ ಬಿಡಬಾರದ ಅಳತೆಗಳು. ನಿಟ್ಶಿಯಾದಲ್ಲಿ ನಾಲ್ಕನೆಯದಾಗಿ ಫಿಬುಲಾಗಳ ಎಣಿಕೆ.

ಗೆರೆ ಎಣಿಸುವಾಗ ಮೊದಲ ಗೆರೆಯನ್ನು ಸೊನ್ನೆ ಎನ್ನಿ. ಅದನ್ನೇ ಒಂದು ಎಂದರೆ ಪ್ರತಿ ಸಲವೂ ಒಂದು ಹೆಚ್ಚಾಗುತ್ತದೆ, 8 ಮತ್ತು 9ರ ನಡುವೆ ಪ್ರಭೇದ ಬದಲಾಗುವ ಕಡೆ ಆ ಒಂದು ದುಬಾರಿ. ಕವಾಟದ ನಡುವೆ ಮತ್ತು ತುದಿಯ ಬಳಿ ಗೆರೆಗಳ ಸಾಂದ್ರತೆ ಬೇರೆಯಿರುತ್ತದೆ, ಎಲ್ಲಿ ಎಣಿಸಿದಿರಿ ಎಂದು ಬರೆಯಿರಿ. ಸಿಂಬೆಲಾದಲ್ಲಿ ಉಬ್ಬಿದ ಬದಿ ಮತ್ತು ಚಪ್ಪಟೆ ಬದಿಯನ್ನು ಬೇರೆಯಾಗಿ ಎಣಿಸುತ್ತಾರೆ. ಓರೆಯಾಗಿ ಕೂತ ಕವಾಟವನ್ನು ಅಳೆಯಬೇಡಿ, ಅಗಲ ಕಡಿಮೆ ಬರುತ್ತದೆ.

ನಿಮ್ಮ 100ರ ಲೆನ್ಸಿನ ಮೈಮೇಲೆ 1.25 ಎಂದು ಬರೆದಿರುವುದು ಬಹುಶಃ ಕಂಡಿರುತ್ತೀರಿ, ಲೆನ್ಸು ಎಷ್ಟು ಅಗಲದ ಬೆಳಕನ್ನು ಹಿಡಿಯಬಲ್ಲದು ಎಂಬುದರ ಸಂಖ್ಯೆ ಅದು. ಹಸಿರು ಬೆಳಕಿನಲ್ಲಿ ಅದು ಬಿಡಿಸಿ ತೋರಿಸಬಲ್ಲ ಕನಿಷ್ಠ ಅಂತರ ಸುಮಾರು 0.27 ಮೈಕ್ರಾನ್, ಅಂದರೆ 10 ಮೈಕ್ರಾನಿಗೆ ಹೆಚ್ಚೆಂದರೆ 37 ಗೆರೆ. ಆದರೆ ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಕಂಡೆನ್ಸರಿನ ಮೇಲ್ಮುಖ ಮತ್ತು ಸ್ಲೈಡಿನ ನಡುವೆ ಗಾಳಿ ಇದ್ದರೆ ಆ ಅಂತರ ಸುಮಾರು 0.3 ಮೈಕ್ರಾನಿಗೆ ಏರಿ, ಗೆರೆಗಳ ಮಿತಿ 33ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಲೂ ಒಂದು ಹನಿ ಎಣ್ಣೆ ಹಾಕಿ, ಕಂಡೆನ್ಸರನ್ನು ಮೇಲಕ್ಕೆ ಏರಿಸಿ, ಅದರ ಡಯಾಫ್ರಾಮನ್ನು ತೆರೆದರೆ ಕಳೆದುಹೋದದ್ದು ಮರಳಿ ಬರುತ್ತದೆ. ಕಪ್ಪು-ಬಿಳುಪಿನ ವ್ಯತ್ಯಾಸ ಹೆಚ್ಚಲೆಂದು ಡಯಾಫ್ರಾಮನ್ನು ಪೂರ್ತಿ ಮುಚ್ಚುವ ರೂಢಿ ಹಲವರಿಗಿದೆ. ಚಿತ್ರ ಕಪ್ಪಾಗುತ್ತದೆ ನಿಜ, ಆದರೆ ನವಿರು ಗೆರೆಗಳು ಅಲ್ಲಿಗೆ ಸತ್ತವು. ಆಂಫಿಪ್ಲೂರಾ ಪೆಲ್ಯುಸಿಡಾ ಎಂಬ ಡಯಾಟಮ್‌ನಲ್ಲಿ 10 ಮೈಕ್ರಾನಿಗೆ 37ರಿಂದ 40 ಗೆರೆಗಳಿರುವುದರಿಂದಲೇ ಅದನ್ನು ಮೈಕ್ರೋಸ್ಕೋಪ್ ಪರೀಕ್ಷಿಸುವ ವಸ್ತುವಾಗಿ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ.

ಒಂದು ಕೋಶದಿಂದ ಪ್ರಭೇದ ತಿಳಿಯದು

ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಡಯಾಟಮ್ ವಿಭಜನೆಯಾದಾಗ ಎರಡೂ ಮರಿಕೋಶಗಳು ಹಳೆಯ ಕವಾಟವನ್ನು ದೊಡ್ಡ ಭಾಗವಾಗಿ ಇಟ್ಟುಕೊಂಡು ಚಿಕ್ಕ ಭಾಗವನ್ನು ಅದರೊಳಗೆ ಹೊಸದಾಗಿ ಕಟ್ಟುತ್ತವೆ. ಹೀಗಾಗಿ ತಲೆಮಾರು ಕಳೆದಂತೆ ಸಮುದಾಯದ ಸರಾಸರಿ ಗಾತ್ರ ಕುಗ್ಗುತ್ತದೆ. ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಸರ್ ಇಬ್ಬರೂ 1869ರಲ್ಲಿ ಬೇರೆ ಬೇರೆಯಾಗಿ ಇದನ್ನು ತೋರಿಸಿದರು. ಒಂದು ಮಿತಿಗಿಂತ ಚಿಕ್ಕದಾದ ಮೇಲೆ ಲೈಂಗಿಕ ಕ್ರಿಯೆ ನಡೆದು ಆಕ್ಸೋಸ್ಪೋರ್ ಎಂಬ ಉಬ್ಬುವ ಕೋಶ ಹುಟ್ಟುತ್ತದೆ, ಗಾತ್ರ ಮತ್ತೆ ಮೊದಲಿನಷ್ಟಾಗುತ್ತದೆ.

ಕುಗ್ಗುವಾಗ ಎಲ್ಲ ಅಳತೆಯೂ ಸಮನಾಗಿ ಕುಗ್ಗುವುದಿಲ್ಲ. ಉದ್ದ ಬಹಳ ಇಳಿಯುತ್ತದೆ, ಅಗಲ ಸ್ವಲ್ಪ ಮಾತ್ರ. ಗೆರೆಗಳ ಸಾಂದ್ರತೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಉದ್ದ ಕೋಶದಲ್ಲಿ ಎದ್ದು ಕಾಣುವ ಗುಂಡುತಲೆಯಂಥ ತುದಿ ಚಿಕ್ಕ ಕೋಶದಲ್ಲಿ ಮಾಯವಾಗಿ ಬರೀ ಅಂಡಾಕಾರ ಉಳಿಯಬಹುದು. ಒಂದೇ ಪ್ರಭೇದದ ದೊಡ್ಡ ಮತ್ತು ಚಿಕ್ಕ ರೂಪಗಳಿಗೆ ಬೇರೆ ಬೇರೆ ಹೆಸರು ಕೊಟ್ಟ ಉದಾಹರಣೆಗಳು ಹಳೆಯ ಸಾಹಿತ್ಯದಲ್ಲಿ ಹೇರಳ. ಆದ್ದರಿಂದ ಅನುಭವಿಗಳು ಒಂದು ಚಂದದ ಕೋಶವನ್ನು ಆರಿಸಿ ಚಿತ್ರಕ್ಕೆ ಹೋಲಿಸುವುದಿಲ್ಲ. ಅದೇ ಸ್ಲೈಡಿನಿಂದ ಕನಿಷ್ಠ 20–30 ಕವಾಟಗಳನ್ನು ಅಳೆದು, ಫೋಟೊಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುತ್ತಾರೆ. ಸಾಲು ಎಲ್ಲೂ ಮುರಿಯದೆ ಹರಿದರೆ ಅದು ಒಂದೇ ಸಮುದಾಯ. ಒಂದೇ ಉದ್ದದಲ್ಲಿ ಎರಡು ಸ್ಪಷ್ಟ ಅಗಲಗಳು ಅಥವಾ ಎರಡು ಗೆರೆ-ಸಾಂದ್ರತೆಗಳು ಕಂಡರೆ ಎರಡು ಪ್ರಭೇದಗಳು ಬೆರೆತಿವೆ. ಉದ್ದವನ್ನು ಒಂದು ಅಕ್ಷದಲ್ಲೂ ಅಗಲವನ್ನು ಇನ್ನೊಂದರಲ್ಲೂ ಇಟ್ಟು ಗ್ರಾಫ್ ಹಾಕಿದರೆ ಇದು ಕಣ್ಣಿಗೇ ಹೊಡೆಯುತ್ತದೆ.

ಇನ್ನೊಂದು ಎಚ್ಚರಿಕೆ: ಲೋಹಗಳ ಮಾಲಿನ್ಯದಲ್ಲಿ, ಲ್ಯಾಬಿನಲ್ಲಿ ಬೆಳೆಸಿದ ಹಳತಾದ ಕಲ್ಚರ್‌ಗಳಲ್ಲಿ ಬಾಗಿದ, ಗೆರೆ ತಪ್ಪಿದ ವಿಕೃತ ಕವಾಟಗಳು ಹುಟ್ಟುತ್ತವೆ. ಕ್ರಾಟಿಕ್ಯುಲಾದಂಥವು ಲವಣಾಂಶ ಏರಿದಾಗ ಕವಚದೊಳಗೆ ಮತ್ತೊಂದು ಕವಾಟವನ್ನು ಕಟ್ಟುತ್ತವೆ, ಅದು ನೋಡಲು ಬೇರೆಯೇ. ಇವಕ್ಕೆ ಹೊಸ ಹೆಸರು ಹುಡುಕುತ್ತ ಕೂರಬೇಡಿ.

ಪ್ರಭೇದದ ಗಡಿ ಎಳೆಯುವ ಸಂಶೋಧನೆಗೆ ಒಳ್ಳೆಯ ಮಾದರಿ ಡೇವಿಡ್ ಮನ್ ಮತ್ತು ಸಂಗಡಿಗರ ಸೆಲ್ಲಾಫೋರಾ ಪ್ಯುಪುಲಾ ಅಧ್ಯಯನ. ಎಲ್ಲೆಡೆ ಸಿಗುವ, ಬಹಳ ವ್ಯತ್ಯಾಸವುಳ್ಳ ಒಂದೇ ಪ್ರಭೇದ ಎಂದು ಅದನ್ನು ಎಣಿಸುತ್ತಿದ್ದರು. ಎಡಿನ್‌ಬರೊದ ಬ್ಲ್ಯಾಕ್‌ಫರ್ಡ್ ಕೊಳದಲ್ಲಿ ಅದರ ಹಲವು ರೂಪಗಳು ಪಕ್ಕಪಕ್ಕದಲ್ಲೇ ಬದುಕುತ್ತಿದ್ದರೂ ಅವುಗಳ ನಡುವಿನ ರೂಪಗಳು ಸಿಗುತ್ತಿರಲಿಲ್ಲ. ಹೊರರೇಖೆಯನ್ನು ಗಣಿತದ ಮೂಲಕ ಅಳೆದು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ರಂಧ್ರಗಳನ್ನು ನೋಡಿ, ಒಂದು ರೂಪ ಇನ್ನೊಂದರೊಂದಿಗೆ ಕೂಡುತ್ತದೆಯೇ ಎಂದು ಕಲ್ಚರ್‌ಗಳಲ್ಲಿ ಪರೀಕ್ಷಿಸಿ, 2004ರಲ್ಲಿ ಅವರು ಐದು ಹೊಸ ಪ್ರಭೇದಗಳನ್ನು ಪ್ರಕಟಿಸಿದರು. ಆಕಾರದ ಸಣ್ಣ ವ್ಯತ್ಯಾಸಕ್ಕೆ ಬೆಲೆ ಬಂದದ್ದು ಬೇರೆ ಎರಡು ಸಾಕ್ಷ್ಯಗಳು ಅದರ ಜೊತೆ ನಿಂತಾಗ. ನನ್ನ ದೃಷ್ಟಿಯಲ್ಲಿ ಹೊಸ ಪ್ರಭೇದ ಘೋಷಿಸಲು ಹೊರಟ ಯಾರೇ ಆಗಲಿ ಇಟ್ಟುಕೊಳ್ಳಬೇಕಾದ ಅಳತೆಗೋಲು ಇದೇ.

ಸಾಮಾನ್ಯ ಮೈಕ್ರೋಸ್ಕೋಪು ಕೈಬಿಡುವ ಗುಂಪುಗಳೂ ಇವೆ. ಸಮುದ್ರದ ಸ್ಯೂಡೋ-ನಿಟ್ಶಿಯಾದಲ್ಲಿ ಕೆಲವು ಪ್ರಭೇದಗಳು ಡೊಮೋಯಿಕ್ ಆಮ್ಲ ಎಂಬ ನರವಿಷ ತಯಾರಿಸುತ್ತವೆ, ಕೆಲವು ಇಲ್ಲ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪುಜೀವಿಗಳನ್ನು ತಿಂದವರಲ್ಲಿ ಕೆಲವರು ಸತ್ತದ್ದು, ಕೆಲವರು ನೆನಪು ಕಳೆದುಕೊಂಡದ್ದು ಈ ವಿಷದಿಂದ. ಇವುಗಳ ಪ್ರಭೇದ ತಿಳಿಯಲು ಒಂದೊಂದು ರಂಧ್ರವನ್ನು ಮುಚ್ಚಿದ ತೆಳುಪೊರೆಯ ವಿನ್ಯಾಸ ನೋಡಬೇಕು, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕೇ ಬೇಕು. ಕೆಲವಕ್ಕೆ ಅದೂ ಸಾಲದೆ ಡಿಎನ್‌ಎ ನೋಡಬೇಕು.

ಡಿಎನ್‌ಎ ವಿಧಾನದಲ್ಲಿ ಹೆಚ್ಚಾಗಿ ಓದುವುದು ಕ್ಲೋರೋಪ್ಲಾಸ್ಟಿನ ಆರ್‌ಬಿಸಿಎಲ್ ಜೀನ್ ಮತ್ತು 18ಎಸ್ ರೈಬೋಸೋಮ್ ಜೀನಿನ ವಿ4 ಭಾಗ. ಒಂದೇ ಕೋಶವನ್ನು ಸಣ್ಣ ಪಿಪೆಟ್ಟಿನಿಂದ ಎತ್ತಿ ಕಲ್ಚರ್ ಬೆಳೆಸಿ, ಅರ್ಧದಿಂದ ಡಿಎನ್‌ಎ ತೆಗೆದು ಉಳಿದರ್ಧವನ್ನು ಶುಚಿ ಮಾಡಿ ಸ್ಲೈಡ್ ಮಾಡಿಡುತ್ತಾರೆ. ಆ ಸ್ಲೈಡ್ ಇಲ್ಲದ ಅನುಕ್ರಮ ಯಾವ ಜೀವಿಯದೆಂದು ಮುಂದೆ ಯಾರೂ ಪರಿಶೀಲಿಸಲಾಗದು. ನೀರಿನ ಮಾದರಿಯಿಂದ ನೇರವಾಗಿ ಎಲ್ಲ ಡಿಎನ್‌ಎ ಓದುವ ಕ್ರಮವೂ ಇದೆ. ಅದರಲ್ಲಿ ಎರಡು ತೊಡಕು: ಹೋಲಿಸಿ ನೋಡುವ ಭಂಡಾರದಲ್ಲಿ ಇಲ್ಲದ ಪ್ರಭೇದಕ್ಕೆ ಹೆಸರು ಸಿಗದು, ದೊಡ್ಡ ಕೋಶಗಳಲ್ಲಿ ಜೀನಿನ ಪ್ರತಿಗಳು ಹೆಚ್ಚಿರುವುದರಿಂದ ಅವುಗಳ ಪಾಲು ಉಬ್ಬಿ ಕಾಣುತ್ತದೆ.

ವರ್ಗೀಕರಣ

ಗುರುತಿಸುವ ಕೀಲಿಯೂ ವರ್ಗೀಕರಣವೂ ಒಂದೇ ಅಲ್ಲ. 1990ರಲ್ಲಿ ರೌಂಡ್, ಕ್ರಾಫರ್ಡ್, ಮನ್ ಡಯಾಟಮ್‌ಗಳನ್ನು ಮೂರು ವರ್ಗಗಳಾಗಿಸಿದರು: ಸೆಂಟ್ರಿಕ್, ರಾಫೆಯಿಲ್ಲದ ಪೆನೇಟ್, ರಾಫೆಯಿರುವ ಪೆನೇಟ್. ಬಳಸಲು ಇದು ಇಂದಿಗೂ ಅನುಕೂಲ. 2004ರಲ್ಲಿ ಮೆಡ್ಲಿನ್ ಮತ್ತು ಕಾಚ್‌ಮಾರ್ಸ್ಕಾ ಡಿಎನ್‌ಎ ಮತ್ತು ಆಕ್ಸೋಸ್ಪೋರ್ ಲಕ್ಷಣಗಳನ್ನು ಸೇರಿಸಿ ಗಡಿಗಳನ್ನು ಬದಲಿಸಿದರು. ಸೆಂಟ್ರಿಕ್‌ಗಳು ಎರಡು ವರ್ಗಗಳಾಗಿ ಒಡೆದವು, ಪೆನೇಟ್‌ಗಳೆಲ್ಲ ಒಂದು ವರ್ಗವಾದವು. ರಾಫೆಯಿರುವವು ಒಂದೇ ಪೂರ್ವಜನಿಂದ ಬಂದವು ಎಂಬುದಕ್ಕೆ ಡಿಎನ್‌ಎ ಬೆಂಬಲ ಬಲವಾಗಿದೆ. ರಾಫೆಯಿಲ್ಲದವು ಹಾಗಲ್ಲ, ಕೆಲವು ರಾಫೆಯಿರುವವಕ್ಕೇ ಹೆಚ್ಚು ಹತ್ತಿರ. ಹಳೆಯ ನ್ಯಾವಿಕ್ಯುಲಾದಿಂದ ಸೆಲ್ಲಾಫೋರಾ, ಕ್ರಾಟಿಕ್ಯುಲಾ, ಪ್ಲಾಕೋನೈಸ್, ಲ್ಯುಟಿಕೋಲಾ ಹೊರಬಂದದ್ದು ಕವಚ ಮತ್ತು ಕ್ಲೋರೋಪ್ಲಾಸ್ಟ್ ಲಕ್ಷಣಗಳ ಮರುಪರಿಶೀಲನೆಯಿಂದ. ಹೆಸರು ಹುಡುಕುವಾಗ ಆಲ್ಗೇಬೇಸ್ ಅಥವಾ ಡಯಾಟಮ್‌ಬೇಸ್ ಎಂಬ ಆನ್‌ಲೈನ್ ಹೆಸರುಕೋಶಗಳಲ್ಲಿ ಹಳೆಯ ಸಮಾನಾರ್ಥಕ ಹೆಸರುಗಳನ್ನೂ ನೋಡಿಕೊಂಡರೆ ನಿಮ್ಮ ಎರಡು ಪುಸ್ತಕಗಳ ಗೊಂದಲದಂಥವು ಎರಡು ನಿಮಿಷದಲ್ಲಿ ಬಗೆಹರಿಯುತ್ತವೆ. ಹೆಸರು ಅಂತಿಮವಾಗಿ ಅಂಟಿರುವುದು ಪುಸ್ತಕದ ಚಿತ್ರಕ್ಕಲ್ಲ, ಆ ಹೆಸರಿಗೆ ಆಧಾರವೆಂದು ಗೊತ್ತುಪಡಿಸಿ ಸಂಗ್ರಹಾಲಯದಲ್ಲಿಟ್ಟ ಟೈಪ್ ಮಾದರಿಗೆ. ಅನುಮಾನ ಬಂದಾಗ ತಜ್ಞರು ಆ ಮೂಲ ಸ್ಲೈಡನ್ನೇ ತೆರೆದು ನೋಡುತ್ತಾರೆ.

ನಿಮ್ಮ ಸಲಕರಣೆಯಲ್ಲಿ ಕುಲದವರೆಗೆ ಬಹುತೇಕ ಎಲ್ಲವನ್ನೂ, ಒರಟು ಗೆರೆಗಳಿರುವ ದೊಡ್ಡ ಡಯಾಟಮ್‌ಗಳನ್ನು ಪ್ರಭೇದದವರೆಗೂ ಒಯ್ಯಬಹುದು. ಅಕ್ನಾಂಥಿಡಿಯಮ್ ಮಿನುಟಿಸಿಮಮ್ ಸುತ್ತಲಿನ ಸಣ್ಣವು, ನಿಟ್ಶಿಯಾ ಪೇಲಿಯಾದಂಥ ನವಿರು ಗೆರೆಯವು ಇವುಗಳಲ್ಲಿ ಗುಂಪಿನ ಹೆಸರಿಗೆ ನಿಲ್ಲಿಸಿ. ಲಕ್ಷಣಗಳು ಹತ್ತಿರ ಬಂದು ಪೂರ್ತಿ ಹೊಂದದಿದ್ದರೆ ಕುಲ ಮತ್ತು ಪ್ರಭೇದದ ಹೆಸರಿನ ನಡುವೆ ‘ಸಿಎಫ್’ (ಹೋಲಿಸಿ ನೋಡಿ ಎಂದರ್ಥ) ಎಂಬ ಗುರುತು ಸೇರಿಸುವುದು ರೂಢಿ, ಅದರಲ್ಲಿ ಅವಮಾನವೇನಿಲ್ಲ. ತಪ್ಪಾದ ಖಚಿತ ಹೆಸರು ಮುಂದಿನವರ ಪಟ್ಟಿಗಳಿಗೂ ಹರಡುತ್ತದೆ, ಪ್ರಾಮಾಣಿಕ ‘ಸಿಎಫ್’ ಹರಡುವುದಿಲ್ಲ.

ನೀರಿನ ಗುಣಮಟ್ಟಕ್ಕಾಗಿ ಎಣಿಸುವುದಿದ್ದರೆ ಒಂದು ಸ್ಲೈಡಿಗೆ 300ರಿಂದ 400 ಕವಾಟ ಎಣಿಸಿ. ಮುರಿದ ತುಂಡುಗಳಿಗೆ ಮೊದಲೇ ಒಂದು ನಿಯಮ ಮಾಡಿಕೊಳ್ಳಿ, ಉದಾಹರಣೆಗೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಉಳಿದಿದ್ದರೆ ಮಾತ್ರ ಲೆಕ್ಕಕ್ಕೆ. ಉಲ್ನೇರಿಯಾದಂಥ ಉದ್ದನೆಯವು ಸೆಂಟ್ರಿಫ್ಯೂಜಿನಲ್ಲಿ ಸುಲಭವಾಗಿ ಮುರಿಯುವುದರಿಂದ ಈ ನಿಯಮವಿಲ್ಲದೆ ಅವು ಎರಡೆರಡು ಸಲ ಎಣಿಕೆಯಾಗುತ್ತವೆ.

ಮಾದರಿಯ ಒಂದು ಭಾಗವನ್ನು ಶುಚಿ ಮಾಡದೆ, ಒಂದು ಭಾಗವನ್ನು ಶುಚಿ ಮಾಡಿ ಕೆಲವು ಹನಿ ಎಥನಾಲ್ ಹಾಕಿ, ಜೊತೆಗೆ ಎರಡು ಸ್ಲೈಡುಗಳನ್ನು ತೆಗೆದಿಡಿ. ಸ್ಲೈಡಿನ ಮೇಲೆ ಜಾಗ, ದಿನಾಂಕ, ಯಾವ ಮೇಲ್ಮೈಯಿಂದ ಕೆರೆದದ್ದು, ಯಾರು ಸಂಗ್ರಹಿಸಿದರು, ಯಾವ ಮಾಧ್ಯಮ ಎಂದು ಬರೆಯಿರಿ. ಫೋಟೊ ತೆಗೆದ ಕವಾಟದ ಜಾಗವನ್ನು ಮೈಕ್ರೋಸ್ಕೋಪ್ ಸ್ಟೇಜಿನ ವರ್ನಿಯರ್ ಸಂಖ್ಯೆಗಳೊಂದಿಗೆ ನೋಟ್‌ಬುಕ್ಕಿನಲ್ಲಿ ಗುರುತಿಸಿ, ಫೋಟೊದಲ್ಲೇ 10 ಮೈಕ್ರಾನಿನ ಅಳತೆಗೆರೆ ಇರಲಿ. ಉಲ್ನೇರಿಯಾ ಎಂದು ಖಚಿತವಾದ ಮೇಲೂ ಪ್ರಭೇದದ ಹೆಸರು ಬರೆಯುವ ಮುನ್ನ 20 ಕವಾಟಗಳ ಉದ್ದ, ಅಗಲ, ಗೆರೆ ಎಣಿಕೆ, ನಡುವಿನ ಖಾಲಿ ಜಾಗದ ಆಕಾರ ಮತ್ತು ತುದಿಗಳ ಆಕಾರವನ್ನು ಪಟ್ಟಿ ಮಾಡಿ. ಈ ಕುಲದಲ್ಲಿ ಉಲ್ನಾವನ್ನು ಹೋಲುವ ಇನ್ನೂ ಹಲವು ಪ್ರಭೇದಗಳಿವೆ. ಅವನ್ನು ಬೇರ್ಪಡಿಸುವುದು ಆ ಪಟ್ಟಿಯೇ.